ಐದನೆಯ ಕಾಲು ಹೇಳುವ ಹೆಸರು: ಕಲಬುರಗಿ ಸೀಮೆಯ ಸೈಕ್ಲಾಪ್ಸ್‌ಗಳು

ಕಲಬುರಗಿ ನಗರದಲ್ಲಿ ಅಪ್ಪನ ಕೆರೆಯೆಂದೇ ಹೆಸರಾದ ಶರಣಬಸವೇಶ್ವರ ಕೆರೆಯ ನೀರನ್ನಾಗಲಿ, ಕಮಲಾಪುರ ತಾಲ್ಲೂಕಿನ ಕೆರೆಬಾವಿಗಳ ನೀರನ್ನಾಗಲಿ ನವುರಾದ ಬಟ್ಟೆಯ ಬಲೆಯಲ್ಲಿ ಸೋಸಿ ನೋಡಿದರೆ, ಸುಮಾರು ಒಂದು ಮಿಲಿಮೀಟರ್ ಉದ್ದದ, ಜಿಗಿಜಿಗಿದು ಈಜುವ ಜೀವಿಗಳು ಕಾಣಸಿಗುತ್ತವೆ. ಬರಿಗಣ್ಣಿಗೆ ಬಿಳಿಯ ಚುಕ್ಕೆಗಳಂತೆ ತೋರುವ ಇವು ಸೀಗಡಿ, ಏಡಿಗಳ ಬಳಗಕ್ಕೆ ಸೇರಿದ ಕಠಿಣಚರ್ಮಿಗಳು. ಇವುಗಳನ್ನು ಸಾಮಾನ್ಯವಾಗಿ ಸೈಕ್ಲಾಪ್ಸ್ ಎಂದು ಕರೆಯಲಾಗುತ್ತದೆ.

ಕಠಿಣಚರ್ಮಿಗಳಲ್ಲಿ ಕೋಪೆಪೋಡ ಎಂಬ ದೊಡ್ಡ ಗುಂಪಿದ್ದು, ಅದರ ಹೆಚ್ಚಿನ ಪ್ರಭೇದಗಳು ಕಡಲಿನವು. ಅದರೊಳಗಿನ ಸೈಕ್ಲೋಪಾಯ್ಡ ಗಣದಲ್ಲಿ ಅರಬ್ಬಿ ಸಮುದ್ರದ ಓಯ್ತೋನದಂತಹ ಕಡಲ ಜಾತಿಗಳೂ ಇವೆ, ಒಳನಾಡಿನ ಸಿಹಿನೀರಿಗೆ ಒಗ್ಗಿಕೊಂಡ ಸೈಕ್ಲೋಪಿಡೆ ಕುಟುಂಬವೂ ಇದೆ. ಡೆನ್ಮಾರ್ಕಿನ ಪ್ರಕೃತಿ ವಿಜ್ಞಾನಿ ಒಟ್ಟೊ ಫ್ರೀಡ್ರಿಕ್ ಮ್ಯೂಲರ್ 18ನೆಯ ಶತಮಾನದಲ್ಲಿ ಸ್ಥಾಪಿಸಿದ ಸೈಕ್ಲಾಪ್ಸ್ ಜಾತಿಯನ್ನು ಮುಂದೆ ಹಲವಾಗಿ ಒಡೆಯಲಾಯಿತು, ನಾರ್ವೆಯ ಜಿ.ಒ. ಸಾರ್ಸ್ 1914ರಲ್ಲಿ ಪ್ರತ್ಯೇಕಿಸಿದ ಮೀಸೋಸೈಕ್ಲಾಪ್ಸ್ ಮತ್ತು ಜರ್ಮನಿಯ ಫ್ರೀಡ್ರಿಕ್ ಕೀಫರ್ 1927ರಲ್ಲಿ ಹೆಸರಿಸಿದ ಥರ್ಮೋಸೈಕ್ಲಾಪ್ಸ್ ಬಿಸಿನಾಡಿನ ಕೆರೆಗಳಲ್ಲಿ ಹೆಚ್ಚಾಗಿ ಕಾಣುವ ಜಾತಿಗಳು.

ದೇಹದ ಮುಂಭಾಗ ಅಗಲವಾಗಿದ್ದು, ಅದರಲ್ಲಿ ತಲೆಯೂ ಎದೆಯ ಮೊದಲ ಖಂಡಗಳೂ ಸೇರಿರುತ್ತವೆ. ಹಿಂಭಾಗ ಕಿರಿದಾಗಿ ಸಾಗಿ, ಬಿರುಗೂದಲುಗಳುಳ್ಳ ಕವಲು ಬಾಲದಲ್ಲಿ ಕೊನೆಗೊಳ್ಳುತ್ತದೆ. ನಡುನೆತ್ತಿಯಲ್ಲಿ ಒಂದೇ ಕಣ್ಣು. ಹೆಣ್ಣಿನ ಮೊದಲ ಕುಡಿಮೀಸೆಗಳಲ್ಲಿ 17ರವರೆಗೆ ಗೆಣ್ಣುಗಳಿದ್ದರೆ, ಗಂಡಿನಲ್ಲಿ ಅವೆರಡೂ ಮಡಚಿಕೊಂಡು ಕೂಡುವಾಗ ಹೆಣ್ಣನ್ನು ಹಿಡಿಯಲು ನೆರವಾಗುತ್ತವೆ. ನಾಲ್ಕು ಜೊತೆ ಈಜುಕಾಲುಗಳಲ್ಲಿ ಪ್ರತಿ ಜೊತೆಯ ಎಡ ಬಲ ಕಾಲುಗಳನ್ನು ಒಂದು ಅಡ್ಡಫಲಕ ಬೆಸೆದಿರುವುದರಿಂದ, ಅವು ದೋಣಿಯ ಹುಟ್ಟುಗಳಂತೆ ಒಟ್ಟಿಗೆ ಬೀಸಿ ದೇಹವನ್ನು ಮುಂದಕ್ಕೆ ಚಿಮ್ಮಿಸುತ್ತವೆ. ಹೃದಯವಾಗಲಿ ಕಿವಿರಾಗಲಿ ಇಲ್ಲದ ಈ ಜೀವಿ ಮೈಮೇಲ್ಮೈಯಿಂದಲೇ ಆಮ್ಲಜನಕವನ್ನು ಹೀರುತ್ತದೆ. ಹೆಣ್ಣು ಎರಡು ಮೊಟ್ಟೆಚೀಲಗಳನ್ನು ಪಕ್ಕಗಳಲ್ಲಿ ಹೊತ್ತು ತಿರುಗುತ್ತದೆ. ಮೊಟ್ಟೆಯೊಡೆದ ಮರಿ ಆರು ನಾಪ್ಲಿಯಸ್ ಹಂತಗಳನ್ನೂ ಐದು ಕೋಪೆಪೋಡಿಡ್ ಹಂತಗಳನ್ನೂ ಪೊರೆ ಕಳಚುತ್ತ ದಾಟಿ ಪ್ರೌಢವಾಗುತ್ತದೆ.

ಇಷ್ಟೆಲ್ಲ ಅಂಗಗಳಿದ್ದರೂ ಜಾತಿಯನ್ನು ಗುರುತಿಸಲು ತಜ್ಞರು ಮೊದಲು ನೋಡುವುದು ಈಜಲು ಬಾರದ, ಮೊಟಕಾದ ಐದನೆಯ ಕಾಲನ್ನು. ಮಾದರಿಯನ್ನು ಗ್ಲಿಸರಿನ್ ಹನಿಯಲ್ಲಿಟ್ಟು, ಸೂಕ್ಷ್ಮದರ್ಶಕದಡಿ ಸೂಜಿಮೊನೆಯಿಂದ ಆ ಕಾಲನ್ನು ಬಿಡಿಸಿದಾಗ, ಎರಡನೆಯ ಗೆಣ್ಣಿನ ಮುಳ್ಳು ಒಳ ಅಂಚಿನ ನಡುವೆ ಹುಟ್ಟಿದ್ದರೆ ಅದು ಮೀಸೋಸೈಕ್ಲಾಪ್ಸ್. ಮುಳ್ಳು, ಬಿರುಗೂದಲು ಎರಡೂ ತುದಿಯಲ್ಲೇ ಇದ್ದರೆ ಥರ್ಮೋಸೈಕ್ಲಾಪ್ಸ್. ಪ್ರಭೇದಗಳನ್ನು ಬೇರ್ಪಡಿಸಲು ಇದಕ್ಕಿಂತಲೂ ಸೂಕ್ಷ್ಮ ಲಕ್ಷಣಗಳು ಬೇಕು. ಭಾರತದ ಕೆರೆಗಳ ಹಳೆಯ ಪಟ್ಟಿಗಳಲ್ಲಿ ಮತ್ತೆಮತ್ತೆ ಬರುವ ಮೀಸೋಸೈಕ್ಲಾಪ್ಸ್ ಲ್ಯೂಕಾರ್ಟಿ ಎಂಬ ಹೆಸರಿನಡಿ ಹಲವು ಪ್ರಭೇದಗಳು ಬೆರೆತಿವೆಯೆಂದು 1981ರಲ್ಲಿ ಕೀಫರ್ ತೋರಿಸಿಕೊಟ್ಟರು.

ಈ ಸೀಮೆಗೆ ಸೈಕ್ಲಾಪ್ಸ್‌ನ ಪರಿಚಯ ಹಳೆಯದು, ಕಹಿಯಾದುದು. ನಾರುಹುಣ್ಣಿನ ಹುಳುವಿನ ಮರಿಗಳು ಸೈಕ್ಲಾಪ್ಸ್‌ನ ಒಡಲಲ್ಲಿ ಸುಮಾರು ಎರಡು ವಾರ ಬೆಳೆದು, ಸೋಸದ ನೀರಿನ ಮೂಲಕ ಮನುಷ್ಯನ ದೇಹ ಸೇರುತ್ತವೆ. ವರ್ಷದ ನಂತರ ಮೀಟರಿನವರೆಗೂ ಉದ್ದವಿರುವ ಹೆಣ್ಣುಹುಳು ಹೆಚ್ಚಾಗಿ ಕಾಲಿನ ಚರ್ಮವನ್ನು ಸೀಳಿ ಹೊರಬರುತ್ತದೆ. ರೋಗಿ ಮೆಟ್ಟಿಲು ಬಾವಿಗೆ ಇಳಿದರೆ ಹುಳು ನೀರಿಗೆ ಮರಿಗಳನ್ನು ಬಿಟ್ಟು, ಚಕ್ರ ಮುಂದುವರಿಯುತ್ತಿತ್ತು. ರಷ್ಯದ ಅಲೆಕ್ಸಿ ಫೆಡ್ಚೆಂಕೊ 1870ರ ಸುಮಾರಿಗೆ ಸೈಕ್ಲಾಪ್ಸ್‌ನ ಪಾತ್ರವನ್ನು ಕಂಡುಹಿಡಿದರೂ, ಕರ್ನಾಟಕದ ಉತ್ತರ ಜಿಲ್ಲೆಗಳೂ ಸೇರಿ ಏಳು ರಾಜ್ಯಗಳಲ್ಲಿದ್ದ ಈ ರೋಗದ ವಿರುದ್ಧ ರಾಷ್ಟ್ರೀಯ ಕಾರ್ಯಕ್ರಮ ಆರಂಭವಾದದ್ದು 1983–84ರಲ್ಲಿ. ನೀರನ್ನು ಬಟ್ಟೆಯಲ್ಲಿ ಸೋಸುವುದು, ಬಾವಿಗೆ ಟೆಮೆಫಾಸ್ ಹಾಕುವುದು, ಕೊಳವೆಬಾವಿ ಒದಗಿಸುವುದು ಅದರ ಮುಖ್ಯ ಕ್ರಮಗಳಾಗಿದ್ದವು. ದೇಶದ ಕೊನೆಯ ಪ್ರಕರಣ 1996ರ ಜುಲೈನಲ್ಲಿ ರಾಜಸ್ಥಾನದಲ್ಲಿ ಕಂಡುಬಂದಿತು. 2000ದ ಫೆಬ್ರವರಿಯಲ್ಲಿ ಭಾರತ ನಾರುಹುಣ್ಣು ಮುಕ್ತವೆಂಬ ಪ್ರಮಾಣಪತ್ರ ದೊರೆಯಿತು.

ರೋಗ ಹೋದರೂ ಸೈಕ್ಲಾಪ್ಸ್ ಕೆರೆಗಳಲ್ಲಿ ಉಳಿದಿದೆ, ಉಳಿಯಲೂ ಬೇಕು. ಮೀನುಮರಿಗಳಿಗೆ ಅದು ಆಹಾರ, ಅದರ ಕೆಲವು ದೊಡ್ಡ ಪ್ರಭೇದಗಳು ಡೆಂಗಿ ಹರಡುವ ಸೊಳ್ಳೆಯ ಎಳೆಯ ಮರಿಗಳನ್ನು ತಿನ್ನುತ್ತವೆ. ವಿಯೆಟ್ನಾಂ ಹಳ್ಳಿಗಳಲ್ಲಿ ಮೀಸೋಸೈಕ್ಲಾಪ್ಸ್‌ಗಳನ್ನು ನೀರಿನ ತೊಟ್ಟಿಗಳಿಗೆ ಬಿಟ್ಟು ಈಡಿಸ್ ಸೊಳ್ಳೆಯನ್ನು ಹತೋಟಿಗೆ ತಂದಿದ್ದಾರೆ. ಅಂತಹ ಪ್ರಯೋಗಕ್ಕೆ ಇಲ್ಲಿ ಕೈಹಾಕುವ ಮೊದಲು ಈ ಕೆರೆಗಳಲ್ಲಿರುವುದು ಯಾವ ಪ್ರಭೇದವೆಂಬುದು ಖಚಿತವಾಗಬೇಕು. 1980ರಲ್ಲಿ ಸ್ಥಾಪನೆಯಾದ ಗುಲಬರ್ಗಾ ವಿಶ್ವವಿದ್ಯಾಲಯದ ಪ್ರಾಣಿಶಾಸ್ತ್ರದ ವಿದ್ಯಾರ್ಥಿಗಳು ಹಳೆಯ ಪಟ್ಟಿಗಳ ಹೆಸರನ್ನಷ್ಟೇ ನೆಚ್ಚದೆ, ಹೊಸ ಮಾದರಿಗಳ ಐದನೆಯ ಕಾಲನ್ನು ಬಿಡಿಸಿ ನೋಡುವುದರಿಂದಲೇ ಈ ಕೆಲಸ ಆರಂಭವಾಗಬೇಕು.