ಕ್ರೋಶಾ ಹೆಣಿಗೆಯ ಮೊದಲ ಪಾಠ

ಕ್ರೋಶಾ ಹೆಣಿಗೆಗೆ ಬೇಕಾಗುವುದು ತುದಿಯಲ್ಲಿ ಕೊಕ್ಕೆಯಿರುವ ಒಂದು ಕಡ್ಡಿ ಮತ್ತು ಒಂದು ಉಂಡೆ ನೂಲು ಮಾತ್ರ. ಹೊಸಬರು 4 ಮಿಲಿಮೀಟರ್ ಕಡ್ಡಿಯನ್ನೂ ಸಾಧಾರಣ ದಪ್ಪದ ಹತ್ತಿ ನೂಲನ್ನೂ ಆರಿಸಿಕೊಳ್ಳುವುದು ಒಳಿತು. ತಿಳಿಬಣ್ಣದ ನೂಲಿನಲ್ಲಿ ಕುಣಿಕೆಗಳು ಸ್ಪಷ್ಟವಾಗಿ ಕಾಣುತ್ತವೆ.

ಮೊದಲು ಜೀರುಗುಣಿಕೆಯೊಂದನ್ನು ಕಡ್ಡಿಗೆ ಏರಿಸಬೇಕು. ನೂಲನ್ನು ಕಡ್ಡಿಗೆ ಸುತ್ತಿ ಆ ಕುಣಿಕೆಯೊಳಗಿಂದ ಎಳೆದರೆ ಒಂದು ಸರಪಳಿಯಾಗುತ್ತದೆ. ಹೀಗೆ 16 ಸರಪಳಿಗಳನ್ನು ಹಾಕಬೇಕು. ಕಡ್ಡಿಯ ಮೇಲಿರುವ ಕುಣಿಕೆಯನ್ನು ಎಣಿಕೆಗೆ ಸೇರಿಸಬಾರದು. ಬಳಿಕ ಕಡ್ಡಿಯಿಂದ ಎರಡನೆಯ ಸರಪಳಿಯೊಳಗೆ ಕಡ್ಡಿಯನ್ನು ತೂರಿಸಿ ನೂಲೆಳೆದರೆ ಕಡ್ಡಿಯ ಮೇಲೆ ಎರಡು ಕುಣಿಕೆಗಳಾಗುತ್ತವೆ. ಮತ್ತೊಮ್ಮೆ ನೂಲು ಸುತ್ತಿ ಎರಡರೊಳಗಿಂದಲೂ ಒಟ್ಟಿಗೆ ಎಳೆದರೆ ಒಂಟಿ ಕ್ರೋಶಾ ಸಿದ್ಧವಾಗುತ್ತದೆ. ಸಾಲಿನ ಕೊನೆಗೆ ಇಂತಹವು 15 ಇರಬೇಕು. ಒಂದು ಸರಪಳಿ ಹಾಕಿ, ಹೆಣಿಗೆಯನ್ನು ತಿರುಗಿಸಿ ಮುಂದಿನ ಸಾಲನ್ನು ಆರಂಭಿಸಬೇಕು.

ಪ್ರತಿ ಸಾಲನ್ನೂ ಎಣಿಸುವುದು ಅವಶ್ಯ. ಎಣಿಕೆ ತಪ್ಪಿದರೆ ಅಂಚು ಓರೆಯಾಗುತ್ತದೆ. ಆಗ ತಪ್ಪಿದ ಸ್ಥಳದವರೆಗೆ ನೂಲನ್ನು ಎಳೆದು ಬಿಚ್ಚಿ ಅದೇ ನೂಲಿನಿಂದ ಮತ್ತೆ ಹೆಣೆಯಬಹುದು.

ಆಂಧ್ರಪ್ರದೇಶದ ನರಸಾಪುರದ ಮಹಿಳೆಯರಿಗೆ ಈ ಹೆಣಿಗೆಯೇ ಜೀವನೋಪಾಯ. ಅಲ್ಲಿನ ಕ್ರೋಶಾ ಲೇಸಿಗೆ 2024ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ದೊರೆಯಿತು. ಆದರೆ ಮನೆಯಲ್ಲಿ ಕುಳಿತು ಮಾಡುವ ಈ ದುಡಿಮೆಯನ್ನು ಬಿಡುವಿನ ಕೆಲಸವೆಂದು ಭಾವಿಸಿ ಅತ್ಯಲ್ಪ ಕೂಲಿ ನೀಡಲಾಗುತ್ತಿದ್ದುದನ್ನು ಮಾರಿಯಾ ಮೀಸ್ ಅವರ 1982ರ ಅಧ್ಯಯನ ತೋರಿಸಿತ್ತು. ಮಾರಾಟಕ್ಕಾಗಿ ಹೆಣೆಯುವವರು ನೂಲಿನ ಬೆಲೆಯೊಡನೆ ತಮ್ಮ ದುಡಿಮೆಯ ಗಂಟೆಗಳನ್ನೂ ಲೆಕ್ಕಕ್ಕೆ ಹಿಡಿಯಬೇಕು.