ಬರ ಘೋಷಣೆಯ ಹಿಂದೆಯೇ ಬರುವ ಮೇಸ್ತ್ರಿ

ದಾವಣಗೆರೆ ಜಿಲ್ಲೆಯ ಹಳ್ಳಿಗಳಿಂದ ಜನ ಮುಂದಿನ ಸಲ ಜೀತದ ಬಾಯಿಗೆ ಬೀಳುವುದು ಯಾವಾಗ ಎಂಬುದನ್ನು ಹೆಚ್ಚುಕಡಿಮೆ ತಿಂಗಳ ಸಮೇತ ಹೇಳಬಹುದು. ಮುಂಗಾರು ಕೈಕೊಟ್ಟ ವರ್ಷ, ದಸರೆ ದೀಪಾವಳಿಗಳ ನಡುವೆ ಮುಂಗಡ ಹಣ ಊರೊಳಗೆ ಬರುತ್ತದೆ. ಕಾರ್ತೀಕ ಕಳೆಯುವುದರೊಳಗೆ ಮನೆಗಳಿಗೆ ಬೀಗ ಬೀಳುತ್ತದೆ. ಮಾನವ ಕಳ್ಳಸಾಗಣೆ ಎಂದರೆ ನಮ್ಮ ಕಣ್ಣಿಗೆ ಕಟ್ಟುವುದು ಸಿನಿಮಾದ ಅಪಹರಣ. ಇಲ್ಲಿ ಅದು ಪಾತ್ರೆಪಡಗ, ಕೂಸುಕುನ್ನಿ ಸಮೇತ ಟೆಂಪೊ ಹತ್ತಿಕೊಂಡು, ಕೂಲಿಗೆ ಜನ ಕೂಡಿಸುವ ಪರಿಚಯದ ಮೇಸ್ತ್ರಿಯ ಜೊತೆ, ಹಾಡಹಗಲಲ್ಲೇ ಹೊರಟುಬಿಡುತ್ತದೆ.

ಗುಳೆ ಹೋಗುವವರೆಲ್ಲ ಜೀತಕ್ಕೆ ಬೀಳುವುದಿಲ್ಲ ಎಂಬುದನ್ನು ಮೊದಲೇ ಹೇಳಿಬಿಡಬೇಕು. ಕಾಫಿ ಸೀಮೆಗೋ ಕಬ್ಬು ಕಡಿಯಲಿಕ್ಕೋ ಹೋಗಿ, ನಾಲ್ಕು ಕಾಸು ಮಾಡಿಕೊಂಡು, ಯುಗಾದಿಗೆ ಊರು ಸೇರುವ ಸಂಸಾರಗಳು ಬೇಕಾದಷ್ಟಿವೆ. ಅಪಾಯವಿರುವುದು ಹೊರಡುವ ಮೊದಲು ಕೈಗೆ ಬರುವ ಹಣದಲ್ಲಿ. ಅದರ ಲೆಕ್ಕವನ್ನು ಒಮ್ಮೆ ಬಿಡಿಸಿ ನೋಡೋಣ. ಇದು ಉದಾಹರಣೆಗೆಂದು ಹಾಕಿದ ಲೆಕ್ಕ, ಯಾರ ಮನೆಯದ್ದೂ ಅಲ್ಲ. ಗಂಡ ಹೆಂಡತಿ ಸೇರಿ 60,000 ರೂಪಾಯಿ ಮುಂಗಡ ತೆಗೆದುಕೊಳ್ಳುತ್ತಾರೆ. ಇಬ್ಬರಿಗೂ ಸೇರಿ ದಿನಕ್ಕೆ 700 ರೂಪಾಯಿ ಕೂಲಿ ಎಂದು ಮಾತಾಗಿದೆ. ರೇಷನ್ನು, ಎಣ್ಣೆ, ಬೀಡಿ, ಮಗುವಿನ ಔಷಧಿ ಎಂದು ದಿನಕ್ಕೆ 250 ಮುರಿದುಕೊಂಡರೆ ಉಳಿಯುವುದು 450. ಮುಂಗಡ ತೀರಲು 134 ದಿನದ ಕೆಲಸ ಬೇಕು. ಹಂಗಾಮಿನಲ್ಲಿ ಮಳೆ, ಜ್ವರ, ರಜೆ ಕಳೆದು 90 ದಿನ ಕೆಲಸ ಸಿಕ್ಕಿತು ಎನ್ನಿ. ಹಂಗಾಮು ಮುಗಿದಾಗ ಇನ್ನೂ 19,500 ರೂಪಾಯಿ ಬಾಕಿ. ಇದರಲ್ಲಿ ಬಡ್ಡಿ ಇಲ್ಲ, ಸುಳ್ಳು ಲೆಕ್ಕವೂ ಇಲ್ಲ. ಮೇಸ್ತ್ರಿ ಪ್ರಾಮಾಣಿಕನಾಗಿದ್ದರೂ ಸಂಸಾರ ಸಾಲದಲ್ಲೇ ಉಳಿಯುತ್ತದೆ. ಪುಸ್ತಕ ಅವನ ಕೈಯಲ್ಲಿದ್ದು, ಓದಲು ಬರದವರು ಹೆಬ್ಬೆಟ್ಟು ಒತ್ತಿದ್ದರೆ ಬಾಕಿ ಎಷ್ಟಾದೀತು ಎಂಬುದನ್ನು ನೀವೇ ಊಹಿಸಿ. ‘ಲೆಕ್ಕ ಚುಕ್ತಾ ಮಾಡಿ ಹೋಗು’ ಎಂಬ ಮಾತು ಬಂದಲ್ಲಿಗೆ ಕೂಲಿ ಮುಗಿದು ಜೀತ ಶುರುವಾಗುತ್ತದೆ.

ಈ ಮುಂಗಡಕ್ಕೆ ಕೈಚಾಚುವ ಸ್ಥಿತಿ ಹೇಗೆ ಬರುತ್ತದೆ ಎಂಬುದಕ್ಕೆ ಕೃಷಿ ವಿಜ್ಞಾನದಲ್ಲಿ ಉತ್ತರವಿದೆ. ಚನ್ನಗಿರಿ ತಾಲ್ಲೂಕಿನ ಕತ್ತಲಗೆರೆಯ ಕಡೆ ಭದ್ರಾ ನಾಲೆ ಇದೆ, ಭತ್ತ ಇದೆ, ಅಡಿಕೆ ಇದೆ; ಶಿವಮೊಗ್ಗದ ಕೃಷಿ ವಿಶ್ವವಿದ್ಯಾಲಯದ ಸಂಶೋಧನಾ ಕೇಂದ್ರವೂ ಅಲ್ಲಿಯೇ ಇದೆ. ಜಗಳೂರಿನ ಕಡೆ ಇರುವುದು ಮಳೆಯಾಶ್ರಿತ ಮೆಕ್ಕೆಜೋಳ. ಈ ಬೆಳೆ ಸೂಲಂಗಿ ಬಿಡುವ ಹೊತ್ತಿಗೆ ಎರಡು ವಾರ ಮಳೆ ತಪ್ಪಿದರೆ ತೆನೆಯಲ್ಲಿ ಕಾಳು ಕಟ್ಟುವುದಿಲ್ಲ. ಆಮೇಲೆ ಎಷ್ಟು ಸುರಿದರೂ ಮೇವಿಗಷ್ಟೇ ಸರಿ. ಫಾಲ್ ಸೈನಿಕ ಹುಳುವನ್ನು ಭಾರತದಲ್ಲಿ ಮೊದಲು ಗುರುತಿಸಿದ್ದು 2018ರಲ್ಲಿ ಶಿವಮೊಗ್ಗದ ಮೆಕ್ಕೆಜೋಳದ ಹೊಲಗಳಲ್ಲೇ. ಮಳೆ ಬಿಡುವು ಕೊಟ್ಟಷ್ಟೂ ಅದಕ್ಕೆ ಹಬ್ಬ. ಬೀಜ, ಗೊಬ್ಬರ, ಔಷಧಿಗೆಂದು ಅಂಗಡಿಯಲ್ಲಿ ಮಾಡಿದ ಉದ್ರಿ ಮಾತ್ರ ಕಟಾವಿನ ತಿಂಗಳಿಗೆ ಸರಿಯಾಗಿ ಮನೆ ಬಾಗಿಲಿಗೆ ಬರುತ್ತದೆ. ಬೋರ್‌ವೆಲ್ ಕೊರೆಸಿ ಪಾರಾಗೋಣವೆಂದರೆ, ಕೇಂದ್ರ ಅಂತರ್ಜಲ ಮಂಡಳಿಯ ಅಂದಾಜುಗಳಲ್ಲಿ ಜಗಳೂರು, ಚನ್ನಗಿರಿ ಎರಡೂ ಅಂತರ್ಜಲವನ್ನು ಮಿತಿಮೀರಿ ಎತ್ತಿದ ತಾಲ್ಲೂಕುಗಳ ಸಾಲಿನಲ್ಲಿವೆ. ಬತ್ತಿದ ಬೋರಿನ ಸಾಲ ಬೆಳೆಸಾಲಕ್ಕಿಂತ ದೊಡ್ಡದು.

2023 ಇದಕ್ಕೆ ಹತ್ತಿರದ ಪಾಠ. ಎಲ್ ನಿನೊ ವರ್ಷ. ರಾಜ್ಯ ಸರ್ಕಾರ ಸೆಪ್ಟೆಂಬರ್‌ನಲ್ಲಿ 195 ತಾಲ್ಲೂಕುಗಳನ್ನು ಬರಪೀಡಿತವೆಂದು ಘೋಷಿಸಿತು. ಕೊನೆಗೆ ಆ ಸಂಖ್ಯೆ 223ಕ್ಕೆ ಏರಿತು. ಭದ್ರಾ ಜಲಾಶಯ ತುಂಬಲಿಲ್ಲ; ನಾಲೆಯ ನೀರಿಗಾಗಿ ದಾವಣಗೆರೆಯಲ್ಲಿ ರೈತರು ಬೀದಿಗಿಳಿದರು. ನೀರಾವರಿ ಸೀಮೆಗೂ ಬರ ತಟ್ಟಿದರೆ ಕೂಲಿಯವರಿಗೆ ಎರಡು ಕಡೆಯಿಂದ ಪೆಟ್ಟು. ಸ್ವಂತ ಊರಿನಲ್ಲಿ ಕೆಲಸವಿಲ್ಲ, ನಾಟಿಗೆ ಹೋಗುತ್ತಿದ್ದ ನಾಲೆ ಸೀಮೆಯಲ್ಲೂ ಇಲ್ಲ. ಇದಕ್ಕೆ ನನ್ನದೊಂದು ಅನುಮಾನವನ್ನೂ ಸೇರಿಸುತ್ತೇನೆ. ಚನ್ನಗಿರಿ ಕಡೆ ಭತ್ತದ ಗದ್ದೆಗಳು ಅಡಿಕೆ ತೋಟಗಳಾಗುತ್ತಿವೆ, ಉಳಿದ ಗದ್ದೆಗೆ ಕಟಾವು ಯಂತ್ರ ಇಳಿದಿದೆ. ನಾಟಿ, ಕಳೆ, ಕೊಯ್ಲು ಎಂದು ಹೆಂಗಸರಿಗೆ ಸಿಗುತ್ತಿದ್ದ ದಿನಗಳನ್ನು ತೋಟ ಕೊಡುವುದಿಲ್ಲ. ಹತ್ತಿರದ ಕೂಲಿ ಕರಗಿದಷ್ಟೂ ದೂರದ ಮೇಸ್ತ್ರಿಯ ಮಾತು ರುಚಿಸುತ್ತದೆ. ಎಲ್ ನಿನೊ ಸಾಮಾನ್ಯವಾಗಿ 2ರಿಂದ 7 ವರ್ಷಕ್ಕೊಮ್ಮೆ ಮರಳುತ್ತದೆ. ಮುಂದಿನದು ಬಂದಾಗ ಗದ್ದೆ ಇನ್ನೂ ಕಡಿಮೆ, ಅಂತರ್ಜಲ ಇನ್ನೂ ಆಳ, ಸಾಲ ಇನ್ನೂ ಹೆಚ್ಚು ಇರುತ್ತದೆ. ನಾನು ಎಚ್ಚರಿಸುತ್ತಿರುವುದು ಈ ಮೂರೂ ಒಟ್ಟುಗೂಡುವ ವರ್ಷದ ಬಗ್ಗೆ.

ಗುಳೆಯ ದಾರಿ ಘಟ್ಟದ ಕಾಫಿ ಸೀಮೆಗಷ್ಟೇ ಹೋಗುವುದಿಲ್ಲ. 2023ರ ಏಪ್ರಿಲ್‌ನಲ್ಲಿ ಸೂಡಾನ್‌ನಲ್ಲಿ ಕಾಳಗ ಶುರುವಾದಾಗ ಅಲ್ಲಿ ಸಿಕ್ಕಿಬಿದ್ದ ಕನ್ನಡಿಗರಲ್ಲಿ ಚನ್ನಗಿರಿ ತಾಲ್ಲೂಕಿನ ಹಕ್ಕಿಪಿಕ್ಕಿ ಸಮುದಾಯದವರೂ ಇದ್ದರು. ಗಿಡಮೂಲಿಕೆ, ಎಣ್ಣೆ ಮಾರಲು ಆಫ್ರಿಕಾ ಸುತ್ತುವ ಧೈರ್ಯಸ್ಥರು ಅವರು; ಯಾರೂ ಅವರನ್ನು ಸಾಗಿಸಿರಲಿಲ್ಲ, ತಾವಾಗಿಯೇ ಹೋಗಿದ್ದರು. ಸರ್ಕಾರದ ತೆರವು ಕಾರ್ಯಾಚರಣೆ ‘ಆಪರೇಷನ್ ಕಾವೇರಿ’ಯಲ್ಲಿ ಭಾರತಕ್ಕೆ ಮರಳಿದರು. ಆದರೆ ಸಾಲ ಮಾಡಿ ಒಯ್ದ ಸರಕು ಅಲ್ಲೇ ಉಳಿದರೆ ಸಾಲ ಊರಿನಲ್ಲಿ ಕಾಯುತ್ತಿರುತ್ತದೆ. ಆ ಹೊತ್ತಿನಲ್ಲಿ ‘ವೀಸಾ ನಾನು ಮಾಡಿಸುತ್ತೇನೆ, ದುಡಿದು ತೀರಿಸು’ ಎಂದು ಬರುವವನನ್ನು ಬೇಡವೆನ್ನುವುದು ಕಷ್ಟ. 2025ರ ಮಾರ್ಚ್‌ನಲ್ಲಿ ಮ್ಯಾನ್ಮಾರ್ ಗಡಿಯ ಸೈಬರ್ ವಂಚನೆ ಕೇಂದ್ರಗಳಿಂದ ಬಿಡಿಸಿದ 549 ಭಾರತೀಯರನ್ನು ವಾಯುಪಡೆಯ ವಿಮಾನಗಳಲ್ಲಿ ಕರೆತರಲಾಯಿತು. ಕಂಪ್ಯೂಟರ್ ಕೆಲಸ ಎಂದು ನಂಬಿ ಹೋದವರನ್ನು ಅಲ್ಲಿ ಕೂಡಿಹಾಕಿ ಬೇರೆಯವರಿಗೆ ಮೋಸ ಮಾಡಲು ಹಚ್ಚುತ್ತಾರೆ. ಡಿಗ್ರಿ ಮುಗಿಸಿ ಹೊನ್ನಾಳಿ, ನ್ಯಾಮತಿ ಬಸ್‌ಸ್ಟ್ಯಾಂಡಿನಲ್ಲಿ ಮೊಬೈಲ್ ಹಿಡಿದು ಕೂತ ಹುಡುಗರಿಗೆ ಈ ಸುದ್ದಿ ಮುಟ್ಟಿಸುವ ಕೆಲಸ ಕಾಲೇಜುಗಳದ್ದು.

ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ ಅಂದಾಜಿನಂತೆ 2021ರಲ್ಲಿ ಜಗತ್ತಿನಲ್ಲಿ 2.76 ಕೋಟಿ ಜನ ಬಲವಂತದ ದುಡಿಮೆಯಲ್ಲಿದ್ದರು. ನಮ್ಮ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ 2022ಕ್ಕೆ ಇಡೀ ದೇಶದಲ್ಲಿ ದಾಖಲಿಸಿದ ಮಾನವ ಕಳ್ಳಸಾಗಣೆ ಪ್ರಕರಣಗಳು 2,250. ಜೀತದಲ್ಲಿರುವ 1.84 ಕೋಟಿ ಜನರನ್ನು 2030ರೊಳಗೆ ಬಿಡಿಸುವ ಗುರಿಯನ್ನು 2016ರಲ್ಲಿ ಇಟ್ಟುಕೊಂಡಿದ್ದು ಕೇಂದ್ರ ಸರ್ಕಾರವೇ. ಈ ಸಂಖ್ಯೆಗಳನ್ನು ಅಕ್ಕಪಕ್ಕ ಇಟ್ಟರೆ, ನಾವು ಎಣಿಸುತ್ತಿರುವುದು ಪೊಲೀಸ್ ಠಾಣೆಯ ಮೆಟ್ಟಿಲು ಹತ್ತಿದವರನ್ನು ಮಾತ್ರ ಎಂಬುದು ಗೊತ್ತಾಗುತ್ತದೆ. ಪ್ರಕರಣ ಇಲ್ಲ, ಆದ್ದರಿಂದ ಸಮಸ್ಯೆ ಇಲ್ಲ ಎಂಬ ವರದಿಯನ್ನು ನಾನು ನಂಬುವುದಿಲ್ಲ.

ಕಾನೂನಿನ ಕಡೆ ಕೊರತೆಯಿಲ್ಲ. ಸಂವಿಧಾನದ 23ನೇ ವಿಧಿ ಮನುಷ್ಯರ ಮಾರಾಟವನ್ನೂ ಬಲವಂತದ ದುಡಿಮೆಯನ್ನೂ ಒಟ್ಟಿಗೇ ನಿಷೇಧಿಸಿದೆ. 1975ರ ಅಕ್ಟೋಬರ್‌ನಲ್ಲಿ ಸುಗ್ರೀವಾಜ್ಞೆಯ ಮೂಲಕ, ಮರುವರ್ಷ ಕಾಯ್ದೆಯಾಗಿ ಜೀತ ನಿರ್ಮೂಲನೆ ಬಂತು. ದೇವರಾಜ ಅರಸರ ಭೂಸುಧಾರಣೆ, ಸಾಲಪರಿಹಾರಗಳ ಕಾಲವೂ ಅದೇ. ಹರಿಹರದಲ್ಲಿ ಹುಟ್ಟಿ, ಭದ್ರಾವತಿಯಲ್ಲಿ ಕನ್ನಡ ಮೇಷ್ಟರಾಗಿದ್ದ ಪ್ರೊ. ಬಿ. ಕೃಷ್ಣಪ್ಪ ದಲಿತ ಸಂಘರ್ಷ ಸಮಿತಿ ಕಟ್ಟಿದ್ದು ಆ ದಶಕದಲ್ಲಿ. ಭೂಮಿ ಕೇಳಿದ ಆ ಚಳವಳಿಗೆ ಒಂದು ವಿಷಯ ಸ್ಪಷ್ಟವಿತ್ತು: ಕಾಲ ಕೆಳಗೆ ತುಂಡು ನೆಲವಿದ್ದವನನ್ನು ಮುಂಗಡ ಕೊಟ್ಟು ಎತ್ತಿಕೊಂಡು ಹೋಗುವುದು ಸುಲಭವಲ್ಲ. ಜೀತ ಕಾಯ್ದೆ ಬಂದಂದಿನಿಂದ ರಾಜ್ಯದಲ್ಲಿ 60,000ಕ್ಕೂ ಹೆಚ್ಚು ಜೀತದಾಳುಗಳನ್ನು ಗುರುತಿಸಿ ಬಿಡಿಸಲಾಗಿದೆ ಎನ್ನುತ್ತವೆ ಸರ್ಕಾರಿ ದಾಖಲೆಗಳು. ಹಾಗಿದ್ದೂ 2000ದಲ್ಲಿ ಶ್ರೀರಂಗಪಟ್ಟಣ ತಾಲ್ಲೂಕಿನ ಹಂಗರಹಳ್ಳಿಯ ಕಲ್ಲುಕ್ವಾರಿಯಲ್ಲಿ ಕಾಲಿಗೆ ಕಬ್ಬಿಣದ ಬೇಡಿ ಹಾಕಿದ ಕೂಲಿಗಳು ಸಿಕ್ಕರು. ಅದನ್ನು ಹೊರಗೆ ತಂದದ್ದು ರೈತಸಂಘ.

ಹೆಣ್ಣುಮಕ್ಕಳ ಕಥೆ ಬೇರೆ ದಾರಿಯಲ್ಲಿ ನಡೆದು ಅಲ್ಲಿಗೇ ಮುಟ್ಟುತ್ತದೆ. ಜಗಳೂರಿಗೆ ದೂರವಲ್ಲದ ಉಚ್ಚಂಗಿದುರ್ಗದ ಸುತ್ತ, ಮುತ್ತು ಕಟ್ಟಿ ಹೆಣ್ಣುಮಕ್ಕಳನ್ನು ದೇವದಾಸಿಯರಾಗಿ ಬಿಡುವ ಪದ್ಧತಿ ಬಹುಕಾಲ ಇತ್ತು. ದೇವದಾಸಿಯರ ಸಮರ್ಪಣೆ ನಿಷೇಧ ಕಾಯ್ದೆಯಾದದ್ದು 1982ರಲ್ಲಿ. 1993–94 ಮತ್ತು 2007–08ರ ಸಮೀಕ್ಷೆಗಳು ಸೇರಿ ರಾಜ್ಯದಲ್ಲಿ 46,660 ದೇವದಾಸಿಯರನ್ನು ಲೆಕ್ಕ ಹಾಕಿದವು. ಬರದ ವರ್ಷದಲ್ಲಿ ಮಗಳನ್ನು ಶಾಲೆ ಬಿಡಿಸಿ ಬೇಗ ಮದುವೆ ಮಾಡುವುದೂ, ವರದಕ್ಷಿಣೆ ಬೇಡ ಎಂದು ದೂರದ ರಾಜ್ಯದಿಂದ ಬಂದ ಗಂಡಿಗೆ ಒಪ್ಪುವುದೂ ಅದೇ ಸಾಲದ ಒತ್ತಡದ ಇನ್ನೊಂದು ಮುಖ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನಲ್ಲಿ ಕರ್ನಾಟಕದ 20–24 ವಯಸ್ಸಿನ ಹೆಂಗಸರಲ್ಲಿ ಶೇ 21.3 ಮಂದಿಗೆ 18 ತುಂಬುವ ಮೊದಲೇ ಮದುವೆಯಾಗಿತ್ತು. ಅದರ ಹಿಂದಿನ ಸುತ್ತಿನಲ್ಲಿ ಶೇ 21.4. ಇಳಿದದ್ದು ದಶಮಾಂಶದಷ್ಟು.

ಜೀತ, ಸಾಗಣೆಗಳ ಕುರಿತ ಕಾನೂನಿನಲ್ಲಿ ನಮ್ಮವರಿಗೆ ಗೊತ್ತಿಲ್ಲದ ಕೆಲವು ಬಲವಾದ ಮಾತುಗಳಿವೆ. ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು ದುಡಿಸುವುದೂ ಬಲವಂತದ ದುಡಿಮೆಯೇ ಎಂದು ಸುಪ್ರೀಂ ಕೋರ್ಟ್ 1982ರಲ್ಲೇ ಹೇಳಿದೆ. ಸಾಲ ಜೀತದ ಸಾಲವಲ್ಲ ಎಂದು ಸಾಬೀತು ಮಾಡುವ ಹೊಣೆ ಸಾಲ ಕೊಟ್ಟವನದು, ಕೂಲಿಯದಲ್ಲ. ಭಾರತೀಯ ನ್ಯಾಯ ಸಂಹಿತೆಯ 143ನೇ ಕಲಮಿನಲ್ಲಿ ಸಾಗಣೆಗೆ ಒಳಗಾದವರ ಒಪ್ಪಿಗೆ ಲೆಕ್ಕಕ್ಕೆ ಬರುವುದಿಲ್ಲ. ‘ಅವರೇ ಒಪ್ಪಿ ಬಂದರು’ ಎಂಬ ಸಬೂಬು ನಡೆಯುವುದಿಲ್ಲ. ಜೀತ ಕಾಯ್ದೆಯಂತೆ ಜಿಲ್ಲೆಗೊಂದು, ಉಪವಿಭಾಗಕ್ಕೊಂದು ಜಾಗೃತಿ ಸಮಿತಿ ಇರಬೇಕು. ಅದರಲ್ಲಿ ಪರಿಶಿಷ್ಟ ಜಾತಿ, ಪಂಗಡಗಳ ಮೂವರು ಸ್ಥಳೀಯ ಸದಸ್ಯರು, ಸಾಲ ಸಂಸ್ಥೆಯ ಒಬ್ಬ ಪ್ರತಿನಿಧಿ ಇರಬೇಕು. ಬಿಡುಗಡೆಯಾದವರಿಗೆ ಗ್ರಾಮೀಣ ಬ್ಯಾಂಕು, ಸಹಕಾರ ಸಂಘಗಳಿಂದ ಸಾಲ ದೊರಕಿಸುವುದೂ ಅದರ ಕೆಲಸ. ಸಾಲಕ್ಕೆ ಮದ್ದು ಸಾಲವೇ ಎಂಬುದು ಕಾಯ್ದೆ ಬರೆದವರಿಗೆ ತಿಳಿದಿತ್ತು.

ಆದರೆ ಈ ವ್ಯವಸ್ಥೆಯೆಲ್ಲ ಎಚ್ಚರಗೊಳ್ಳುವುದು ಜೀತ ಬಯಲಾದ ಮೇಲೆ. ಬರ ಘೋಷಣೆಗೂ ಜೀತಕ್ಕೂ ನಡುವೆ ಒಂದೆರಡು ತಿಂಗಳ ಬಿಡುವು ಇದೆ. ತಡೆಯಲು ಸಿಗುವ ಕಾಲ ಅದೊಂದೇ. ಬರದ ಪಟ್ಟಿ ಪ್ರಕಟವಾದ ವಾರವೇ ಜಾಗೃತಿ ಸಮಿತಿ ಸೇರಬೇಕು. ಗ್ರಾಮ ಪಂಚಾಯಿತಿಯಲ್ಲಿ ಗುಳೆ ಹೋಗುವವರ ಪುಸ್ತಕ ಇಡಬೇಕು: ಯಾರು, ಯಾವ ತೋಟಕ್ಕೆ, ಯಾವ ಮೇಸ್ತ್ರಿಯ ಜೊತೆ, ಮುಂಗಡ ಎಷ್ಟು, ಮಕ್ಕಳೆಷ್ಟು. ದೀಪಾವಳಿ ಕಳೆದ ಮೇಲೆ ಶಾಲೆಗೆ ಬಾರದ ಮಕ್ಕಳ ಪಟ್ಟಿಯನ್ನು ಮೇಷ್ಟರು ಅದೇ ಪುಸ್ತಕಕ್ಕೆ ಕೊಡಬೇಕು. ಉದ್ಯೋಗ ಖಾತ್ರಿಯ ಕೂಲಿ ಬರದ ವರ್ಷದಲ್ಲಾದರೂ ತಡವಾಗಬಾರದು; ಮೇಸ್ತ್ರಿ ಕೈಗೇ ನೋಟು ಕೊಡುತ್ತಾನೆ ಎಂಬುದನ್ನು ಅಧಿಕಾರಿಗಳು ಮರೆಯಬಾರದು. ಫೆಬ್ರವರಿಯ ಸೇವಾಲಾಲ್ ಜಯಂತಿಗೆ ನ್ಯಾಮತಿಯ ಸೂರಗೊಂಡನಕೊಪ್ಪದಲ್ಲಿ ಲಂಬಾಣಿ ತಾಂಡಾಗಳ ಜನ ಸಾವಿರಗಟ್ಟಲೆ ಸೇರುತ್ತಾರೆ. ಯಾರು ಹಿಂದಿರುಗಿಲ್ಲ ಎಂದು ಕೇಳಿ ಬರೆದುಕೊಳ್ಳಲು ಅದಕ್ಕಿಂತ ಒಳ್ಳೆಯ ಜಾಗ ಯಾವುದಿದೆ?

ಓದುಗರಲ್ಲಿ ಒಂದು ಕೋರಿಕೆ. ನಿಮ್ಮ ತಾಲ್ಲೂಕು ಬರದ ಪಟ್ಟಿಗೆ ಸೇರಿದ ದಿನ, ಜಾಗೃತಿ ಸಮಿತಿಯ ಸಭೆ ಯಾವಾಗ ಎಂದು ಕೇಳಿ ಉಪವಿಭಾಗಾಧಿಕಾರಿಗೆ ಒಂದು ಅರ್ಜಿ ಬರೆಯಿರಿ, ಸ್ವೀಕೃತಿ ಪಡೆದುಕೊಳ್ಳಿ. ಗುಳೆ ಹೊರಟ ನೆರೆಯವರ ಮೊಬೈಲಿನಲ್ಲಿ ಮೂರು ಸಂಖ್ಯೆ ಉಳಿಸಿಕೊಡಿ: ತುರ್ತಿಗೆ 112, ಮಕ್ಕಳ ಸಹಾಯವಾಣಿ 1098, ಉಚಿತ ಕಾನೂನು ನೆರವು 15100.