ಕಿರು ಜಲವಿದ್ಯುತ್ ಘಟಕದ ಪರಿವರ್ತಕ

ಕಿರು ಜಲವಿದ್ಯುತ್ ಘಟಕದ ಪರಿವರ್ತಕವು ತೊರೆ ಅಥವಾ ನದಿಯ ನೀರಿನಿಂದ ಚಲಿಸುವ ಜನರೇಟರಿನ ವೋಲ್ಟೇಜನ್ನು ಏರಿಸಿ, ವಿದ್ಯುತ್ತನ್ನು ಕಡಿಮೆ ನಷ್ಟದಲ್ಲಿ ದೂರಕ್ಕೆ ಸಾಗಿಸಲು ಬಳಸುವ ಸಾಧನ. ಇದನ್ನು ಸ್ಟೆಪ್-ಅಪ್ ಟ್ರಾನ್ಸ್‌ಫಾರ್ಮರ್ ಎಂದೂ ಕರೆಯುತ್ತಾರೆ. ಭಾರತದಲ್ಲಿ 25 ಮೆಗಾವ್ಯಾಟ್‌ವರೆಗಿನ ಸ್ಥಾವರಗಳು ಕಿರು ಜಲವಿದ್ಯುತ್ ವರ್ಗಕ್ಕೆ ಸೇರುತ್ತವೆ.

ಹಿನ್ನೆಲೆ

ವೋಲ್ಟೇಜನ್ನು ಏರಿಸಿ ಜಲವಿದ್ಯುತ್ತನ್ನು ದೂರಕ್ಕೆ ಸಾಗಿಸಿದ ಕರ್ನಾಟಕದ ಪ್ರಸಿದ್ಧ ಉದಾಹರಣೆ ಶಿವನಸಮುದ್ರ. 1902ರಲ್ಲಿ ಅಲ್ಲಿಂದ ಸುಮಾರು 147 ಕಿ.ಮೀ. ದೂರದ ಕೋಲಾರ ಚಿನ್ನದ ಗಣಿಗಳಿಗೆ ವಿದ್ಯುತ್ ಪೂರೈಕೆಯಾಯಿತು. ಇದೇ ತತ್ತ್ವ ಸಣ್ಣ ಪ್ರಮಾಣದಲ್ಲಿಯೂ ಅನ್ವಯಿಸುತ್ತದೆ. ಪುತ್ತೂರು, ಸುಳ್ಯ ಮತ್ತು ಕಡಬ ತಾಲೂಕುಗಳಲ್ಲಿ, ಬೆಟ್ಟಂಪಾಡಿಯಂತಹ ಗ್ರಾಮಗಳಲ್ಲಿ, ಮನೆಗಳು ಅಡಿಕೆ ತೋಟಗಳ ನಡುವೆ ಚದುರಿಕೊಂಡಿರುತ್ತವೆ. ಇಂತಹ ಕಡೆ ನೀರು ಧುಮುಕುವ ತೋಡಿಗೂ ಮನೆಗೂ ನಡುವಿನ ಅಂತರವೇ ಮುಖ್ಯ ಪ್ರಶ್ನೆಯಾಗುತ್ತದೆ.

ಅಗತ್ಯದ ನಿರ್ಣಯ

ತಂತಿಯಲ್ಲಿ ಆಗುವ ನಷ್ಟವು ವಿದ್ಯುತ್ ಪ್ರವಾಹದ ವರ್ಗಕ್ಕೆ ಅನುಗುಣವಾಗಿರುತ್ತದೆ. 5 ಕಿಲೋವ್ಯಾಟ್ ಶಕ್ತಿಯನ್ನು 230 ವೋಲ್ಟ್‌ನಲ್ಲಿ, 16 ಚದರ ಮಿ.ಮೀ. ಅಲ್ಯೂಮಿನಿಯಂ ತಂತಿಯ ಮೂಲಕ 500 ಮೀಟರ್ ಸಾಗಿಸಿದರೆ, ಹೋಗುವ ಮತ್ತು ಬರುವ ತಂತಿಗಳ ಒಟ್ಟು ರೋಧ ಸುಮಾರು 1.9 ಓಮ್ ಆಗುತ್ತದೆ. ಪ್ರವಾಹ ಸುಮಾರು 22 ಆಂಪಿಯರ್, ನಷ್ಟ ಸುಮಾರು 900 ವ್ಯಾಟ್. ಮನೆಗೆ ತಲಪುವ ವೋಲ್ಟೇಜ್ 190ಕ್ಕಿಂತ ಕಡಿಮೆ. ವೋಲ್ಟೇಜನ್ನು 460ಕ್ಕೆ ಏರಿಸಿದರೆ ಪ್ರವಾಹ ಅರ್ಧವಾಗಿ, ನಷ್ಟ ಕಾಲು ಭಾಗಕ್ಕೆ, ಅಂದರೆ ಸುಮಾರು 225 ವ್ಯಾಟ್‌ಗೆ ಇಳಿಯುತ್ತದೆ.

ಆದರೆ ಮನೆಯ ಬಳಿ ವೋಲ್ಟೇಜನ್ನು ಇಳಿಸಲು ಇನ್ನೊಂದು ಪರಿವರ್ತಕ ಬೇಕು. ಬೇಸಿಗೆಯಲ್ಲಿ ನೀರು ಕಡಿಮೆಯಾಗಿ ಉತ್ಪಾದನೆ 1 ಕಿಲೋವ್ಯಾಟ್‌ಗೆ ಇಳಿದಾಗ, ಪರಿವರ್ತಕವಿಲ್ಲದ ತಂತಿಯ ನಷ್ಟವೂ ಕೇವಲ 36 ವ್ಯಾಟ್. ಆಗ ಎರಡು ಪರಿವರ್ತಕಗಳ ತಿರುಳಿನ ನಷ್ಟ ಅದನ್ನು ಮೀರಬಹುದು. ಆದ್ದರಿಂದ ಭಾರವಿಲ್ಲದಾಗಿನ ನಷ್ಟ ಕಡಿಮೆಯಿರುವ ಪರಿವರ್ತಕವೇ ಸೂಕ್ತ. ಅಂತರ ಕಡಿಮೆಯಿದ್ದರೆ ದಪ್ಪ ತಂತಿಯೇ ಸಾಕಾಗಬಹುದು.

ಸಾಮರ್ಥ್ಯ

ಪರಿವರ್ತಕದ ಸಾಮರ್ಥ್ಯವನ್ನು ಕಿಲೋವೋಲ್ಟ್-ಆಂಪಿಯರ್‌ಗಳಲ್ಲಿ ಅಳೆಯುತ್ತಾರೆ. 0.8 ಶಕ್ತಿ ಗುಣಾಂಕದಲ್ಲಿ 100 ಕಿಲೋವ್ಯಾಟ್ ನೀಡುವ ಜನರೇಟರಿಗೆ 125 ಕಿಲೋವೋಲ್ಟ್-ಆಂಪಿಯರ್ ಬೇಕು. ದೊರೆಯುವ ಗಾತ್ರಗಳಲ್ಲಿ ಅದಕ್ಕಿಂತ ಕಡಿಮೆಯಲ್ಲದ್ದನ್ನು ಆರಿಸಬೇಕು.

ಟರ್ಬೈನಿನ ವೇಗ ಇಳಿದಾಗ ಆವೃತ್ತಿಯೂ ಇಳಿಯುತ್ತದೆ. 50 ಹರ್ಟ್ಸ್‌ನ ಪರಿವರ್ತಕಕ್ಕೆ 40 ಹರ್ಟ್ಸ್‌ನಲ್ಲಿ ಪೂರ್ಣ ವೋಲ್ಟೇಜ್ ನೀಡಿದರೆ ತಿರುಳಿನ ಕಾಂತೀಯ ಹರಿವು ಶೇ. 25ರಷ್ಟು ಹೆಚ್ಚಿ, ತಿರುಳು ಸಂತೃಪ್ತವಾಗಿ ಬಿಸಿಯಾಗುತ್ತದೆ. ಆವೃತ್ತಿ ಇಳಿದಂತೆ ವೋಲ್ಟೇಜನ್ನೂ ಇಳಿಸುವ ನಿಯಂತ್ರಕ ಇದನ್ನು ತಡೆಯುತ್ತದೆ.

ವಿತರಣಾ ಪರಿವರ್ತಕದ ಹಿಮ್ಮುಖ ಬಳಕೆ

ಸಾಮಾನ್ಯ ವಿತರಣಾ ಪರಿವರ್ತಕವನ್ನು ತಿರುಗಿಸಿ ಜೋಡಿಸಿದರೂ ವೋಲ್ಟೇಜ್ ಏರುತ್ತದೆ. ಆದರೆ ಇದರಲ್ಲಿ ಎರಡು ತೊಡಕುಗಳಿವೆ. ಮೊದಲನೆಯದಾಗಿ, ಕಡಿಮೆ ವೋಲ್ಟೇಜಿನ ಸುರುಳಿ ಸಾಮಾನ್ಯವಾಗಿ ತಿರುಳಿಗೆ ಹತ್ತಿರವಿರುವುದರಿಂದ ಆರಂಭಿಕ ಪ್ರವಾಹ ಹೆಚ್ಚಾಗಿರುತ್ತದೆ. ಸಣ್ಣ ಜನರೇಟರ್ ಇದನ್ನು ತಾಳಲಾರದು; ಪರಿವರ್ತಕವನ್ನು ಜೋಡಿಸಿಕೊಂಡೇ ವೋಲ್ಟೇಜನ್ನು ನಿಧಾನವಾಗಿ ಏರಿಸುವುದು ಇದಕ್ಕೆ ಪರಿಹಾರ.

ಎರಡನೆಯ ತೊಡಕು ಸುರಕ್ಷತೆಯದು. ಮೂರು ಫೇಸಿನ ವಿತರಣಾ ಪರಿವರ್ತಕದ 11 ಕಿಲೋವೋಲ್ಟ್ ಬದಿ ಸಾಮಾನ್ಯವಾಗಿ ಡೆಲ್ಟಾ ಜೋಡಣೆಯದು. ಅದಕ್ಕೆ ಭೂಸಂಪರ್ಕ ನೀಡಬಹುದಾದ ತಟಸ್ಥ ಬಿಂದುವಿಲ್ಲ. ಪ್ರತ್ಯೇಕ ಮಾರ್ಗದಲ್ಲಿ ತಂತಿ ತುಂಡಾಗಿ ತೋಟದ ಮೇಲೆ ಬಿದ್ದರೂ ನೆಲಕ್ಕೆ ಹರಿಯುವ ಪ್ರವಾಹ ಅಲ್ಪವಾಗಿದ್ದು, ಫ್ಯೂಸ್ ಹಾರದೆ ತಂತಿಯಲ್ಲಿ ವಿದ್ಯುತ್ ಉಳಿಯಬಹುದು. ಆದ್ದರಿಂದ ಜನರೇಟರ್ ಬದಿಯಲ್ಲಿ ಡೆಲ್ಟಾ, ಹೆಚ್ಚಿನ ವೋಲ್ಟೇಜಿನ ಬದಿಯಲ್ಲಿ ಭೂಸಂಪರ್ಕವುಳ್ಳ ಸ್ಟಾರ್ ಜೋಡಣೆ ಹಾಗೂ ಭೂದೋಷ ರಿಲೇ ಇರುವ ವ್ಯವಸ್ಥೆ ಹೆಚ್ಚು ಬಳಕೆಯಲ್ಲಿದೆ. ಮೆಸ್ಕಾಂ ಜಾಲಕ್ಕೆ ಸೇರುವ ಘಟಕದಲ್ಲಿ ಜೋಡಣೆಯು ಜಾಲದ ರಕ್ಷಣಾ ವ್ಯವಸ್ಥೆಗೆ ಹೊಂದಬೇಕಾಗುತ್ತದೆ.

ಹವಾಮಾನ ಮತ್ತು ರಕ್ಷಣೆ

ದಕ್ಷಿಣ ಕನ್ನಡದಲ್ಲಿ ಮಳೆಗಾಲದ ಮುಂಚೆ ಮತ್ತು ನಂತರ ಗುಡುಗು-ಸಿಡಿಲು ಹೆಚ್ಚು. ಹೊರಾಂಗಣ ಮಾರ್ಗದ ಎರಡೂ ತುದಿಗಳಿಗೆ ಮಿಂಚು ನಿರೋಧಕಗಳು ಅಗತ್ಯ. ಉಸಿರಾಟದ ಕೊಳವೆಯುಳ್ಳ ತೈಲ ಪರಿವರ್ತಕಗಳಲ್ಲಿ ತೇವಾಂಶ ಒಳಸೇರದಂತೆ ಸಿಲಿಕಾ ಜೆಲ್ ಬಳಸುತ್ತಾರೆ. ಅದು ತೇವಗೊಂಡು ಬಣ್ಣ ಬದಲಾದಾಗ ಒಣಗಿಸಬೇಕು ಇಲ್ಲವೇ ಬದಲಿಸಬೇಕು. ತೋಡು ಬತ್ತಿದ ತಿಂಗಳುಗಳಲ್ಲಿ ಜಾಲಕ್ಕೆ ಜೋಡಿಸಿದ ಪರಿವರ್ತಕವನ್ನು ಬೇರ್ಪಡಿಸಿದರೆ ವ್ಯರ್ಥ ನಷ್ಟ ತಪ್ಪುತ್ತದೆ: ತಿರುಳಿನ ನಷ್ಟ 100 ವ್ಯಾಟ್ ಇದ್ದರೆ 120 ದಿನಗಳಲ್ಲಿ 288 ಯೂನಿಟ್ ಉಳಿಯುತ್ತದೆ.